ಮಗುವಿನ ಮೊಣಕೈ ಸೊಟ್ಟಗೆ ಕೂಡಿಕೊಂಡಿದೆಯೇ? ಆಪರೇಷನ್‌ಗೆ ಮುನ್ನ ತಿಳಿಯಬೇಕಾದದ್ದು

ಸೀಬೆ ಮರದಿಂದಲೋ ಶಾಲೆಯ ಜಾರುಬಂಡೆಯಿಂದಲೋ ಬಿದ್ದ ಮಗುವಿಗೆ ಮೊಣಕೈ ಹತ್ತಿರ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿ, ಬಿಚ್ಚಿಸಿ ಕೆಲವು ತಿಂಗಳೂ ಆದವು. ನೋವಿಲ್ಲ, ಕೈ ಮಡಚಲು ಬರುತ್ತದೆ, ಬ್ಯಾಟು ಹಿಡಿದು ಆಡುತ್ತದೆ. ಆದರೆ ಒಂದು ದಿನ ಸ್ನಾನ ಮಾಡಿಸುವಾಗ ಕಣ್ಣಿಗೆ ಬೀಳುತ್ತದೆ: ಕೈ ಚಾಚಿದರೆ ಮೊಣಕೈ ಹೊರಕ್ಕೆ ಉಬ್ಬಿದೆ, ಅದರ ಕೆಳಗಿನ ಮುಂಗೈ ಒಳಕ್ಕೆ, ಸೊಂಟದ ಕಡೆಗೆ ವಾಲಿದೆ. ಆಮೇಲೆ ಮನೆಗೆ ಬಂದವರೆಲ್ಲ ಸಲಹೆ ಕೊಡುವವರೇ. "ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ." "ಎಳ್ಳೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿಸಿ." "ನೀರು ತುಂಬಿದ ಬಿಂದಿಗೆ ಹಿಡಿಸಿ, ನೆಟ್ಟಗಾಗುತ್ತೆ." ಇನ್ನೊಬ್ಬರು ಹೆದರಿಸುತ್ತಾರೆ: "ಈಗಲೇ ಆಪರೇಷನ್ ಮಾಡಿಸದಿದ್ದರೆ ಕೈ ಕೆಲಸಕ್ಕೆ ಬರೋದಿಲ್ಲ."

ನಾಲ್ಕೂ ತಪ್ಪು. ಹೀಗೆ ಕೂಡಿಕೊಂಡ ಮೊಣಕೈ ತಾನಾಗಿ ನೆಟ್ಟಗಾಗುವುದಿಲ್ಲ, ತಿಕ್ಕಿದರೂ ಆಗುವುದಿಲ್ಲ. ಹಾಗೆಂದು ನಾಳೆಯೇ ಮಾಡಿಸಬೇಕಾದ ತುರ್ತೂ ಇದರಲ್ಲಿಲ್ಲ. ಅಳೆದು, ಕಾದು, ಯೋಚಿಸಿ ನಿರ್ಧರಿಸಲು ನಿಮಗೆ ಸಮಯವಿದೆ.

ಸೊಟ್ಟ ಏಕಾಯಿತು, ತಾನಾಗಿ ಏಕೆ ಸರಿಹೋಗದು?

ತೋಳಿನ ಮೂಳೆ, ಅಂದರೆ ಹ್ಯೂಮರಸ್, ಮೊಣಕೈಗೆ ತುಸು ಮೇಲೆ ಚಪ್ಪಟೆಯಾಗಿ ಅಗಲವಾಗುತ್ತದೆ. ಅಲ್ಲಿ ಮುಂದೊಂದು, ಹಿಂದೊಂದು ತಗ್ಗು ಇರುವುದರಿಂದ ನಡುವಿನ ಮೂಳೆ ಬಹಳ ತೆಳು. ಮಕ್ಕಳು ಬೀಳುವಾಗ ಕೈ ಚಾಚಿ ನೆಲಕ್ಕೆ ಊರುತ್ತಾರೆ. ಪೆಟ್ಟು ಈ ತೆಳು ಜಾಗಕ್ಕೆ ಬೀಳುತ್ತದೆ. ಇದೇ ಸುಪ್ರಾಕಾಂಡೈಲರ್ ಫ್ರಾಕ್ಚರ್. ಮಕ್ಕಳ ಮೊಣಕೈ ಮುರಿತಗಳಲ್ಲಿ ಇದೇ ಅತಿ ಸಾಮಾನ್ಯ, ಅದರಲ್ಲೂ 5ರಿಂದ 7 ವರ್ಷದವರಲ್ಲಿ ಹೆಚ್ಚು. ಮೂಳೆ ಎಷ್ಟು ಸರಿದಿದೆ ಎಂಬುದರ ಮೇಲೆ ಇದನ್ನು ಮೂರು ಬಗೆಯಾಗಿ ವಿಂಗಡಿಸಿದವರು ಗಾರ್ಟ್‌ಲ್ಯಾಂಡ್, 1959ರಲ್ಲಿ. ನಿಮ್ಮ ಮಗುವಿನ ಚೀಟಿಯಲ್ಲಿ 'ಗಾರ್ಟ್‌ಲ್ಯಾಂಡ್ ಟೈಪ್ 2' ಅಥವಾ 'ಟೈಪ್ 3' ಎಂದಿದ್ದರೆ ಮೂಳೆ ಸರಿದಿತ್ತು ಎಂದರ್ಥ.

ಸರಿದ ಕೆಳತುಂಡು ಒಳಕ್ಕೆ ವಾಲಿ, ತುಸು ತಿರುಗಿ, ಹಿಂದಕ್ಕೆ ಬಾಗಿದ ಸ್ಥಿತಿಯಲ್ಲೇ ಕೂಡಿಕೊಂಡರೆ ಮೊಣಕೈ ಸೊಟ್ಟಗಾಗುತ್ತದೆ. ವೈದ್ಯರು ಇದನ್ನು ಕ್ಯೂಬಿಟಸ್ ವೇರಸ್ ಎನ್ನುತ್ತಾರೆ. ಬಂದೂಕಿನ ಹಿಡಿಯ ಆಕಾರವೆಂದು ಗನ್‌ಸ್ಟಾಕ್ ಎನ್ನುವುದೂ ಉಂಟು.

ಮಕ್ಕಳ ಮೂಳೆ ಬೆಳೆಯುತ್ತಾ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬ ಮಾತು ಸುಳ್ಳಲ್ಲ. ಮಣಿಕಟ್ಟಿನ ಹತ್ತಿರ ಮುರಿದು ಸೊಟ್ಟಗೆ ಕೂಡಿದ ಮೂಳೆ ಒಂದೆರಡು ವರ್ಷದಲ್ಲಿ ನೆಟ್ಟಗಾಗುವುದನ್ನು ನೋಡಿದವರೇ "ಬಿಡಿ, ಸರಿಹೋಗುತ್ತೆ" ಎನ್ನುವುದು. ಮೊಣಕೈಯಲ್ಲಿ ಹಾಗಾಗದಿರಲು ಎರಡು ಕಾರಣಗಳಿವೆ. ಮೊದಲನೆಯದು, ಮೊಣಕೈ ಬಾಗಿಲಿನ ಕೀಲಿನಂತೆ ಒಂದೇ ದಿಕ್ಕಿನಲ್ಲಿ ಮಡಚುತ್ತದೆ. ಮಡಚುವ ದಿಕ್ಕಿನ ಬಾಗನ್ನು ಮೂಳೆ ನಿಧಾನವಾಗಿ ತಿದ್ದಿಕೊಳ್ಳಬಲ್ಲದು; ಪಕ್ಕಕ್ಕೆ ವಾಲಿದ್ದನ್ನೂ ತಿರುಚಿಕೊಂಡದ್ದನ್ನೂ ತಿದ್ದಲಾರದು. ಎರಡನೆಯದು, ತೋಳಿನ ಮೂಳೆ ಉದ್ದವಾಗುವುದು ಹೆಚ್ಚಾಗಿ ಭುಜದ ತುದಿಯಲ್ಲಿ. ಮೊಣಕೈ ತುದಿಯ ಪಾಲು ಸುಮಾರು ಶೇ. 20 ಮಾತ್ರ. ಬೆಳವಣಿಗೆಯೇ ಕಡಿಮೆ ಇರುವ ಕಡೆ ತಿದ್ದುಪಡಿಯೂ ಕಡಿಮೆ.

ಹೊರಕ್ಕೆ ವಾಲಿದ್ದರೆ ಅದು ಬೇರೆ ಕಥೆ

ಕೆಲವು ಮಕ್ಕಳಲ್ಲಿ ಮುಂಗೈ ಒಳಕ್ಕಲ್ಲ, ಮೈಯಿಂದ ದೂರ ಹೊರಕ್ಕೆ ವಾಲುತ್ತಾ ಹೋಗುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣ ಲ್ಯಾಟರಲ್ ಕಾಂಡೈಲ್ ಎಂಬ ಹೊರಗಿನ ಗಂಟಿನ ಮುರಿತ ಕೂಡಿಕೊಳ್ಳದೇ ಉಳಿದಿರುವುದು. ಇಂಥ ಮಕ್ಕಳಲ್ಲಿ ವರ್ಷಗಳ ನಂತರ ಮೊಣಕೈಯ ಒಳಬದಿಯ ಅಲ್ನಾರ್ ನರ ಎಳೆದು ಎಳೆದು ದುರ್ಬಲವಾಗಿ, ಉಂಗುರಬೆರಳು ಮತ್ತು ಕಿರುಬೆರಳು ಜೋಮು ಹಿಡಿಯಬಹುದು. ಇದರ ಚಿಕಿತ್ಸೆಯ ಲೆಕ್ಕವೇ ಬೇರೆ. ಕೂಡದ ಮೂಳೆಯನ್ನು ಕೂಡಿಸಬೇಕಾಗಬಹುದು, ನರವನ್ನು ಸ್ಥಳಾಂತರಿಸಬೇಕಾಗಬಹುದು. ಹೊರಕ್ಕೆ ವಾಲುತ್ತಿದ್ದರೆ ಕಾಯಬೇಡಿ, ಬೇಗ ತೋರಿಸಿ. ಮುಂದೆ ಹೇಳುವುದೆಲ್ಲ ಒಳಕ್ಕೆ ವಾಲಿದ ಮೊಣಕೈಯ ಬಗ್ಗೆ.

ಮೊದಲು ಮನೆಯಲ್ಲೇ ಅಳೆಯಿರಿ

ಅಂಗೈ ಮುಂದೆ ಮಾಡಿ ಕೈ ಇಳಿಬಿಟ್ಟರೆ ಎಲ್ಲರ ಮುಂಗೈಯೂ ಮೈಯಿಂದ ತುಸು ಹೊರಕ್ಕೇ ಇರುತ್ತದೆ. ಸಾಮಾನ್ಯವಾಗಿ 5ರಿಂದ 15 ಡಿಗ್ರಿ. ಇದಕ್ಕೆ ಕ್ಯಾರಿಯಿಂಗ್ ಆ್ಯಂಗಲ್ ಎನ್ನುತ್ತಾರೆ. ಒಬ್ಬೊಬ್ಬರದು ಒಂದೊಂದು ಅಳತೆಯಾದ್ದರಿಂದ ನಿಮ್ಮ ಮಗುವಿಗೆ ಸರಿಯಾದ ಮಾದರಿ ಪುಸ್ತಕದಲ್ಲಿಲ್ಲ, ಅದರ ಇನ್ನೊಂದು ಕೈಯಲ್ಲಿದೆ.

1. ಮಗುವಿನ ಅಂಗಿ ತೆಗೆಸಿ, ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ. ಭುಜಗಳು ಸಮನಾಗಿರಲಿ.
2. ಎರಡೂ ಅಂಗೈ ಮುಂದಕ್ಕೆ ಕಾಣುವಂತೆ, ಮೊಣಕೈಗಳು ಪೂರ್ತಿ ನೀಳವಾಗುವಂತೆ ಕೈ ಇಳಿಬಿಡಲಿ. ಮೊಣಕೈ ಸ್ವಲ್ಪ ಮಡಚಿದ್ದರೂ ಸೊಟ್ಟ ಅಡಗಿಹೋಗುತ್ತದೆ. ಫೋಟೊ ಮೋಸ ಮಾಡುತ್ತದೆ.
3. ಮೊಬೈಲನ್ನು ಮಗುವಿನ ಮೊಣಕೈ ಎತ್ತರಕ್ಕೆ ಹಿಡಿದು ನೇರ ಎದುರಿನಿಂದ ಫೋಟೊ ತೆಗೆಯಿರಿ. ಮಗುವನ್ನು ಗೋಡೆಯ ಕಡೆ ತಿರುಗಿಸಿ ಹಿಂದಿನಿಂದ ಇನ್ನೊಂದು.
4. ಎರಡೂ ಕೈ ಮಡಚಿಸಿ, ಬೆರಳು ಭುಜ ಮುಟ್ಟುತ್ತದೆಯೇ ನೋಡಿ. ಪಕ್ಕದಿಂದ ಫೋಟೊ ತೆಗೆಯಿರಿ.
5. ತಾರೀಖು ಬರೆದಿಡಿ. ಮೂರು ತಿಂಗಳಿಗೊಮ್ಮೆ ಇದನ್ನೇ ಮಾಡಿ.

ಇಷ್ಟೆಲ್ಲ ಏಕೆ? ಸೊಟ್ಟ ಹಾಗೆಯೇ ನಿಂತಿದ್ದರೆ, ಮೂಳೆ ತಪ್ಪಾಗಿ ಕೂಡಿದ್ದಷ್ಟೇ ಕಾರಣ ಎಂದು ತಿಳಿಯಬಹುದು. ಫೋಟೊದಿಂದ ಫೋಟೊಗೆ ಹೆಚ್ಚುತ್ತಿದ್ದರೆ ಗ್ರೋತ್ ಪ್ಲೇಟ್, ಅಂದರೆ ಮೂಳೆ ಬೆಳೆಯುವ ಪದರ, ಪೆಟ್ಟು ತಿಂದಿರಬಹುದು. ಆಗ ಆಪರೇಷನ್ ಮಾಡಿದರೂ ಸೊಟ್ಟ ಮರುಕಳಿಸುವ ಸಾಧ್ಯತೆ ಇರುವುದರಿಂದ ಯೋಜನೆಯೇ ಬದಲಾಗುತ್ತದೆ. ಒಂದು ವರ್ಷದ ಫೋಟೊಗಳನ್ನು ಸಾಲಾಗಿ ತೋರಿಸುವ ತಾಯಿತಂದೆಯರು ವೈದ್ಯರ ಅರ್ಧ ಕೆಲಸ ಮುಗಿಸಿಕೊಟ್ಟಂತೆ.

ಆಪರೇಷನ್ ಬೇಕೇ, ಬೇಡವೇ?

ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ಈ ಸೊಟ್ಟದಿಂದ ಬಹುತೇಕ ಮಕ್ಕಳಿಗೆ ಕೆಲಸದಲ್ಲಿ ತೊಂದರೆಯಿಲ್ಲ. ಬರೆಯುತ್ತಾರೆ, ಈಜುತ್ತಾರೆ, ಚೀಲ ಹೊರುತ್ತಾರೆ. ಮೊಣಕೈ ಮಡಚುವುದು ತುಸು ಕಡಿಮೆಯಾಗಿ ಹಿಂದಕ್ಕೆ ಚಾಚುವುದು ತುಸು ಹೆಚ್ಚಾಗಿರಬಹುದು, ಅಷ್ಟೆ. ಹೆಚ್ಚಿನವರು ಆಪರೇಷನ್‌ಗೆ ಬರುವುದು ನೋಟಕ್ಕಾಗಿಯೇ. ಅದನ್ನು ಹೇಳಿಕೊಳ್ಳಲು ಅವರಿಗೆ ಮುಜುಗರ. ಮುಜುಗರಪಡಬೇಕಿಲ್ಲ. ತುಂಬುತೋಳಿನ ಅಂಗಿಯನ್ನೇ ಹಾಕುತ್ತೇನೆಂದು ಹಟ ಹಿಡಿಯುವ, ಪಿ.ಟಿ. ಪೀರಿಯಡ್‌ನಲ್ಲಿ ಕೈ ಚಾಚಲು ಹಿಂಜರಿಯುವ ಹನ್ನೊಂದು ವರ್ಷದ ಹುಡುಗಿಗೆ ಅದೇ ದೊಡ್ಡ ತೊಂದರೆ. ಆದರೆ ನೆಂಟರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು, ತನ್ನ ಕೈಯ ಬಗ್ಗೆ ತಲೆಯೇ ಕೆಡಿಸಿಕೊಳ್ಳದ ಐದು ವರ್ಷದ ಮಗುವನ್ನು ಅವಸರವಾಗಿ ಟೇಬಲ್ ಮೇಲೆ ಮಲಗಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗೆಂದು 'ಬರೀ ಅಂದದ ಪ್ರಶ್ನೆ' ಎಂದು ತಳ್ಳಿಹಾಕುವ ಹಳೆಯ ಧೋರಣೆಯೂ ಈಗ ಬದಲಾಗಿದೆ. ಸೊಟ್ಟ ಹೆಚ್ಚಿದ್ದರೆ ಮೊಣಕೈಯ ಹೊರಬದಿಯ ಕಟ್ಟುನಾರುಗಳ ಮೇಲೆ ವರ್ಷಾನುಗಟ್ಟಲೆ ಎಳೆತ ಬಿದ್ದು, ದೊಡ್ಡವರಾದ ಮೇಲೆ ಮೊಣಕೈ ಸಡಿಲವಾಗಬಹುದು. ಕುರ್ಚಿಯ ಕೈ ಒತ್ತಿ ಏಳುವಾಗ ಜಾರಿದಂತೆ ಅನ್ನಿಸಬಹುದು. ಓಡ್ರಿಸ್ಕಾಲ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ವಿವರಿಸಿದ ಮೇಲೆ ಮೂಳೆ ವೈದ್ಯರು ಈ ಸೊಟ್ಟವನ್ನು ಹೆಚ್ಚು ಗಂಭೀರವಾಗಿ ನೋಡತೊಡಗಿದರು. ಅಲ್ನಾರ್ ನರಕ್ಕೆ ನಿಧಾನವಾಗಿ ತೊಂದರೆಯಾಗುವುದು, ಕೈ ಮಡಚುವಾಗ ಹಿಂದಿನ ಸ್ನಾಯು ಟಕ್ಕೆಂದು ಜಾರುವುದು, ಮತ್ತೆ ಬಿದ್ದರೆ ಹೊರಗಿನ ಗಂಟು ಸುಲಭವಾಗಿ ಮುರಿಯುವುದು ಕೂಡ ದಾಖಲಾಗಿವೆ. ಎಲ್ಲರಿಗೂ ಹೀಗಾಗುತ್ತದೆಂದಲ್ಲ. ಆದರೆ ಸೊಟ್ಟ ಎದ್ದು ಕಾಣುವಷ್ಟಿದ್ದರೆ ಈ ಮಾತನ್ನು ತಕ್ಕಡಿಗೆ ಹಾಕಲೇಬೇಕು.

ಯಾವಾಗ ಮಾಡಿಸುವುದು?

ಮುರಿದು ಸುಮಾರು ಒಂದು ವರ್ಷವಾದರೂ ಕಳೆಯಲಿ ಎನ್ನುವವರೇ ಹೆಚ್ಚು. ಮೊಣಕೈ ಮಡಚುವ ಚಾಚುವ ಚಲನೆ ಪೂರ್ತಿ ಮರಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ಬಿಗಿಯಾಗಿರುವ ಮೊಣಕೈಗೆ ಮತ್ತೆ ಕತ್ತರಿ ಹಾಕಿದರೆ ಇನ್ನಷ್ಟು ಬಿಗಿಯಾಗುತ್ತದೆ. ನೆನಪಿಡಿ, ಈ ಆಪರೇಷನ್ ಸೊಟ್ಟವನ್ನು ತಿದ್ದುತ್ತದೆ, ಬಿಗಿತವನ್ನು ಬಿಡಿಸುವುದಿಲ್ಲ. ಮಗು ಪೂರ್ತಿ ಬೆಳೆಯುವವರೆಗೆ ಕಾಯಬೇಕಾಗಿಲ್ಲ. ಮೂಳೆ ತಪ್ಪಾಗಿ ಕೂಡಿದ್ದಷ್ಟೇ ಕಾರಣವಾಗಿದ್ದರೆ ತಿದ್ದಿದ ಮೇಲೆ ಅದು ಹಾಗೆಯೇ ನಿಲ್ಲುತ್ತದೆ. ಬೇಸಿಗೆ ರಜೆ ಬಹಳ ಮನೆಗಳಿಗೆ ಅನುಕೂಲ. ಏಪ್ರಿಲ್ ಸೆಕೆಯಲ್ಲಿ ಪ್ಲಾಸ್ಟರಿನೊಳಗಿನ ತುರಿಕೆಯನ್ನು ಮಾತ್ರ ಮಗು ಸಹಿಸಿಕೊಳ್ಳಬೇಕು!

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಇದರ ಹೆಸರು ಆಸ್ಟಿಯಾಟಮಿ: ಕೂಡಿಕೊಂಡ ಮೂಳೆಯನ್ನು ಲೆಕ್ಕ ಹಾಕಿ ಕತ್ತರಿಸಿ ನೆಟ್ಟಗೆ ಕೂಡಿಸುವುದು. ಹೆಚ್ಚು ಬಳಕೆಯಲ್ಲಿರುವುದು ಲ್ಯಾಟರಲ್ ಕ್ಲೋಸಿಂಗ್ ವೆಡ್ಜ್. ತೋಳಿನ ಹೊರಬದಿಯಿಂದ, ಮೊಣಕೈಗೆ ತುಸು ಮೇಲೆ, ತ್ರಿಕೋನದಂಥ ಮೂಳೆತುಂಡನ್ನು ತೆಗೆಯುತ್ತಾರೆ. ಒಳಬದಿಯ ತೆಳು ಪದರವನ್ನು ಮುರಿಯದೆ ಉಳಿಸಿಕೊಂಡು, ಹೊರಗಿನ ಸಂದನ್ನು ಮುಚ್ಚುತ್ತಾರೆ. ಮುಂಗೈ ತಾನಾಗಿ ಹೊರಕ್ಕೆ ಬರುತ್ತದೆ. ತ್ರಿಕೋನದ ಕೋನಕ್ಕೆ ಲೆಕ್ಕ ಸರಳ: ಸೊಟ್ಟಗಿರುವ ಕೈ 20 ಡಿಗ್ರಿ ಒಳಕ್ಕಿದ್ದು, ಒಳ್ಳೆಯ ಕೈ 10 ಡಿಗ್ರಿ ಹೊರಕ್ಕಿದ್ದರೆ ಒಟ್ಟು 30 ಡಿಗ್ರಿ. ಇದಕ್ಕಾಗಿಯೇ ಎರಡೂ ಕೈಗಳ ಎಕ್ಸ್‌ರೇ ಬೇಕಾಗುವುದು. ಒಂದೇ ಕೈಯ ಎಕ್ಸ್‌ರೇ ನೋಡಿ ದಿನ ಗೊತ್ತುಮಾಡಿದರೆ, ಇನ್ನೊಂದನ್ನೂ ತೆಗೆಸಬೇಡವೇ ಎಂದು ನೀವೇ ಕೇಳಿ.

ಮೂಳೆ ಅಲ್ಲಾಡದಂತೆ ಹಿಡಿಯಲು ಕೆ-ವೈರ್ ಎಂಬ ಉಕ್ಕಿನ ತಂತಿಗಳನ್ನೋ ಪ್ಲೇಟು ಸ್ಕ್ರೂಗಳನ್ನೋ ಹಾಕುತ್ತಾರೆ. ಎರಡು ಸ್ಕ್ರೂಗಳಿಗೆ ತಂತಿ ಬಿಗಿದು ಸಂದು ಮುಚ್ಚುವ ವಿಧಾನವನ್ನು ಫ್ರೆಂಚ್ ಎಂಬ ಸರ್ಜನ್ ಪ್ರಕಟಿಸಿದ್ದೂ 1959ರಲ್ಲೇ. ಅವರ ಹೆಸರಿನಲ್ಲೇ ಅದು ಇಂದಿಗೂ ನಡೆದುಬಂದಿದೆ. ಸಣ್ಣ ಮಕ್ಕಳಿಗೆ ತಂತಿ ಸಾಕಾಗುತ್ತದೆ. ಹತ್ತು ದಾಟಿದವರಿಗೆ ಪ್ಲೇಟು ಹೆಚ್ಚು ಭದ್ರ.

ಈ ವಿಧಾನದ ಒಂದು ಕೊರತೆಯನ್ನು ಮೊದಲೇ ಕೇಳಿ ತಿಳಿದಿರಿ. ಕೋನ ಸರಿಯಾದರೂ ಮೊಣಕೈಯ ಹೊರಗಿನ ಗಂಟು ಉಬ್ಬಿದಂತೆ ಕಾಣಬಹುದು. ಅದನ್ನು ತಪ್ಪಿಸಲು ಕೆಳತುಂಡನ್ನು ತುಸು ಒಳಕ್ಕೆ ಸರಿಸುತ್ತಾರೆ, ಅಥವಾ ಮೆಟ್ಟಿಲಿನ ಆಕಾರದಲ್ಲಿ ಇಲ್ಲವೇ ಕಮಾನಿನ ಆಕಾರದಲ್ಲಿ ಮೂಳೆ ಕತ್ತರಿಸುವ ಬೇರೆ ವಿಧಾನ ಅನುಸರಿಸುತ್ತಾರೆ. ಅವು ಕಷ್ಟದ ಕೆಲಸ, ಕೈ ಪಳಗಿದವರೇ ಮಾಡಬೇಕು. ತಿರುಚಿಕೊಂಡದ್ದನ್ನು ಪೂರ್ತಿ ತಿದ್ದಲು ಎಷ್ಟೋ ಸರ್ಜನ್‌ಗಳು ಹೋಗುವುದಿಲ್ಲ. ತಿದ್ದಲು ಹೋದರೆ ಮೂಳೆಗಳ ಹಿಡಿತ ಸಡಿಲವಾಗುತ್ತದೆ, ಮತ್ತು ಆ ತಿರುವನ್ನು ಭುಜವೇ ಸರಿದೂಗಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ, ಯಾವ ವಿಧಾನ ಹೊಸದು ಎನ್ನುವುದಕ್ಕಿಂತ ನಿಮ್ಮ ಸರ್ಜನ್‌ಗೆ ಯಾವುದು ಚೆನ್ನಾಗಿ ಕೈಹತ್ತಿದೆ ಎನ್ನುವುದು ಮುಖ್ಯ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ

1. ಎಷ್ಟು ಡಿಗ್ರಿ ತಿದ್ದುತ್ತೀರಿ? ಹೊರಗಿನ ಗಂಟು ಉಬ್ಬದಂತೆ ಏನು ಮಾಡುತ್ತೀರಿ?
2. ತಂತಿಯೋ ಪ್ಲೇಟೋ? ಪ್ಲೇಟಾದರೆ ತೆಗೆಯಲು ಇನ್ನೊಂದು ಆಪರೇಷನ್ ಬೇಕೇ?
3. ಗಾಯದ ಗೆರೆ ಎಲ್ಲಿ, ಎಷ್ಟು ಉದ್ದ? ನೋಟಕ್ಕಾಗಿ ಮಾಡಿಸುವವರು ಇದನ್ನು ಕೇಳಲೇಬೇಕು. ಕೆಲವರ ಚರ್ಮದಲ್ಲಿ ಗೆರೆ ದಪ್ಪಗಾಗಿ ಎದ್ದು ನಿಲ್ಲುತ್ತದೆ.
4. ಈಗ ಬೆರಳುಗಳ ಚಲನೆ, ಸ್ಪರ್ಶ ಸರಿಯಾಗಿದೆಯೇ? ಅದನ್ನು ಕೇಸ್ ಶೀಟಿನಲ್ಲಿ ಬರೆಸಿ.

ನರಕ್ಕೆ ಪೆಟ್ಟು, ಸೋಂಕು, ತಿದ್ದಿದ್ದು ಸರಿದು ಮತ್ತೆ ಸೊಟ್ಟಗಾಗುವುದು, ಮೊಣಕೈ ಬಿಗಿಯಾಗುವುದು, ಇವು ಈ ಆಪರೇಷನ್ನಿನ ಅಪಾಯಗಳು. ನರದ ತೊಂದರೆ ಬಹುಪಾಲು ತಾತ್ಕಾಲಿಕ, ಆದರೂ ತಿಂಗಳುಗಟ್ಟಲೆ ಕಾಡಬಹುದು. ಅಪಾಯವೇ ಇಲ್ಲ ಎನ್ನುವವರನ್ನು ನಂಬಬೇಡಿ.

ಹಿಂದಿನ ರಾತ್ರಿ, ಮೊದಲ ಎರಡು ದಿನ

ಪೂರ್ಣ ಅರಿವಳಿಕೆ ಕೊಡುವುದರಿಂದ ಹೊಟ್ಟೆ ಖಾಲಿ ಇರಬೇಕು. ಊಟ, ಬಿಸ್ಕತ್ತು, ಹಸುವಿನ ಹಾಲು ಸಾಮಾನ್ಯವಾಗಿ 6 ಗಂಟೆ ಮೊದಲೇ ನಿಲ್ಲಬೇಕು; ಬರೀ ನೀರನ್ನು 2 ಗಂಟೆ ಮೊದಲಿನವರೆಗೆ ಕೊಡಬಹುದು. ನಿಮ್ಮ ಅರಿವಳಿಕೆ ವೈದ್ಯರು ಹೇಳಿದ್ದೇ ಕೊನೆಯ ಮಾತು. ಅಜ್ಜಿ ಮರುಕಪಟ್ಟು ಬೆಳಗ್ಗೆ ಎರಡು ಬಿಸ್ಕತ್ತು ತಿನ್ನಿಸಿದ್ದಕ್ಕೆ ಆಪರೇಷನ್ ಮುಂದೂಡಿದ ಉದಾಹರಣೆಗಳು ಬೇಕಾದಷ್ಟಿವೆ. ತಿನ್ನಿಸಿದ್ದರೆ ಮುಚ್ಚಿಡಬೇಡಿ, ವಾಂತಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಆಪರೇಷನ್ ಆದ ಮೇಲೆ ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಿ. ಮಗು ಎಚ್ಚರವಿದ್ದಾಗ ಆಟದಂತೆ ಮೂರು ಕೆಲಸ ಮಾಡಿಸಿ. ಹೆಬ್ಬೆರಳು ಮೇಲೆತ್ತಿ 'ಸೂಪರ್' ಎನ್ನಲಿ. ಹೆಬ್ಬೆರಳು ತೋರುಬೆರಳ ತುದಿ ಸೇರಿಸಿ ಸೊನ್ನೆ ಮಾಡಲಿ. ಐದೂ ಬೆರಳು ಅಗಲಿಸಲಿ. ಕೈಯ ಮೂರು ಮುಖ್ಯ ನರಗಳ ಪರೀಕ್ಷೆ ಇದರಲ್ಲೇ ಮುಗಿಯಿತು. ಯಾವುದಾದರೂ ಬಾರದಿದ್ದರೆ ನರ್ಸ್‌ಗೆ ಹೇಳಿ.

ಎಚ್ಚರಿಕೆ: ಇವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ

- ಔಷಧ ಕೊಟ್ಟರೂ ನೋವು ಏರುತ್ತಲೇ ಹೋಗುವುದು, ಮಗು ಚಡಪಡಿಸುವುದು, ಸಮಾಧಾನವೇ ಆಗದಿರುವುದು.
- ಬೆರಳುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಚೀರುವುದು.
- ಬೆರಳು ತಣ್ಣಗೆ, ಬಿಳಿಚಿ ಅಥವಾ ನೀಲಿಯಾಗುವುದು, ಜೋಮು ಹಿಡಿಯುವುದು.
- ಕೆಲವು ದಿನಗಳ ನಂತರ ಜ್ವರ, ದುರ್ವಾಸನೆ, ತಂತಿಯ ಬುಡದಲ್ಲಿ ಕೀವು.

ಮೊದಲ ಮೂರು ಲಕ್ಷಣಗಳು, ಸ್ನಾಯುಗಳೊಳಗೆ ಒತ್ತಡ ಏರಿ ರಕ್ತ ಹರಿಯುವುದು ನಿಲ್ಲುತ್ತಿರುವ ಸೂಚನೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತು ಬೆರಳುಗಳು ಶಾಶ್ವತವಾಗಿ ಮುದುಡಿಹೋಗಬಹುದು. ಫೋಲ್ಕ್‌ಮನ್ ಎಂಬ ಜರ್ಮನ್ ಸರ್ಜನ್ 1881ರಲ್ಲೇ ಇದನ್ನು ವಿವರಿಸಿದ್ದರು, ಬಿಗಿಯಾದ ಕಟ್ಟಿನ ಬಗ್ಗೆ ಎಚ್ಚರಿಸಿದ್ದರು. ಈ ಅಪಾಯ ಆಪರೇಷನ್ ನಂತರ ಮಾತ್ರವಲ್ಲ, ಮೊದಲು ಮುರಿದಾಗಲೇ ಹೆಚ್ಚು. ಬಿದಿರು ದಬ್ಬೆ ಇಟ್ಟು ಬಿಗಿದ ನಾಟಿ ಕಟ್ಟಾಗಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಲಿ, ಊದಿದ ಮೊಣಕೈಗೆ ಬಿಗಿ ಕಟ್ಟು ಸಲ್ಲದು.

ಮುಂದಿನ ವಾರಗಳು

ಪ್ಲಾಸ್ಟರ್ ಅಥವಾ ಸ್ಲ್ಯಾಬ್ ಸಾಮಾನ್ಯವಾಗಿ 4ರಿಂದ 6 ವಾರ ಇರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡಮೇಲೆ ಹೊರಗೆ ತುದಿ ಬಿಟ್ಟಿದ್ದ ತಂತಿಗಳನ್ನು ಹೊರರೋಗಿ ವಿಭಾಗದಲ್ಲೇ ಎಳೆದು ತೆಗೆಯುತ್ತಾರೆ. ಮಗು ಅಳುವುದು ನೋವಿಗಿಂತ ಹೆದರಿಕೆಗೆ. ಆಮೇಲೆ ಮಗು ತಾನೇ ಕೈ ಆಡಿಸಲಿ: ಊಟ ಮಾಡಲಿ, ತಲೆ ಬಾಚಿಕೊಳ್ಳಲಿ, ಅಂಗಿಯ ಗುಂಡಿ ಹಾಕಿಕೊಳ್ಳಲಿ. ಪ್ಲಾಸ್ಟರ್ ಬಿಚ್ಚಿದ ದಿನ ಮೊಣಕೈ ಬಿಗಿಯಾಗಿರುವುದು ಸಹಜ, ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಓಟ, ಸೈಕಲ್, ಕಬಡ್ಡಿ ಯಾವಾಗ ಎಂಬುದನ್ನು ಎಕ್ಸ್‌ರೇ ನೋಡಿ ವೈದ್ಯರೇ ಹೇಳಲಿ.

ಹೆಚ್ಚಾಗಿ ಆಗುವ ತಪ್ಪುಗಳು

ತಿಕ್ಕುವುದು. ಮೊಣಕೈ ಸುತ್ತ ಎಣ್ಣೆ ಹಚ್ಚಿ ಒತ್ತಿ ತಿಕ್ಕಿದರೆ, ಬಲವಂತವಾಗಿ ಮಡಚಿದರೆ, ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಕಚ್ಚಿಕೊಳ್ಳುವ ಅಪಾಯವಿದೆ. ಮುರಿತದ ನಂತರವೂ ಇದೇ ಮಾತು, ಆಪರೇಷನ್ ನಂತರವೂ ಇದೇ ಮಾತು. ಬಿಂದಿಗೆ, ಬಕೆಟ್, ಇಟ್ಟಿಗೆ ಹಿಡಿಸುವುದೂ ಇದೇ ಸಾಲಿನದು. ಎಷ್ಟೇ ಭಾರ ಹೊರಿಸಿದರೂ ಕೂಡಿಕೊಂಡ ಮೂಳೆ ನೆಟ್ಟಗಾಗದು.

ಮುರಿದ ಮೊದಲ ವಾರ ಮೈಮರೆಯುವುದು. ಸರಿದ ಮೂಳೆಯನ್ನು ಕೂರಿಸಿ ಬರೀ ಪ್ಲಾಸ್ಟರ್ ಹಾಕಿದ್ದರೆ, ಊತ ಇಳಿದಂತೆ ಅದು ಒಳಗೇ ಮತ್ತೆ ಸರಿಯಬಹುದು. ವಾರದೊಳಗೆ ಇನ್ನೊಂದು ಎಕ್ಸ್‌ರೇ ತೆಗೆಸಿದರೆ ಸಿಕ್ಕಿಬೀಳುತ್ತದೆ. ಸುಮಾರು ಮೂರು ವಾರಕ್ಕೆ ಮಕ್ಕಳ ಮೂಳೆ ಗಟ್ಟಿಯಾಗಿಬಿಡುತ್ತದೆ. ಸರಿದ ಮುರಿತಕ್ಕೆ ಅಂದೇ ತಂತಿ ಹಾಕಿಸಿ ಎಂದು ವೈದ್ಯರು ಹೇಳಿದರೆ ಹೆದರಿ ಹಿಂದೆ ಸರಿಯಬೇಡಿ. ಈ ಸೊಟ್ಟ ಬಾರದಂತೆ ತಡೆಯುವ ಮುಖ್ಯ ದಾರಿ ಅದೇ.

ಹಳೆಯ ಎಕ್ಸ್‌ರೇ ಬಿಸಾಡುವುದು. ಮಗುವಿನ ಮೊಣಕೈಯಲ್ಲಿ ಆರು ಕಡೆ ಮೂಳೆ, ಸುಮಾರು 1ರಿಂದ 11 ವರ್ಷದವರೆಗೆ, ಒಂದಾದ ಮೇಲೊಂದು ಕಾಣಿಸಿಕೊಳ್ಳುತ್ತಾ ಹೋಗುತ್ತದೆ. ಹೀಗಾಗಿ ಹಳೆಯ ಚಿತ್ರವಿಲ್ಲದೆ ಮೊದಲು ಎಲ್ಲಿ ಮುರಿದಿತ್ತು ಎಂದು ಹೇಳುವುದು ಎಷ್ಟೋ ಸಲ ಕಷ್ಟ.

ಖರ್ಚು ಮತ್ತು ಆಸ್ಪತ್ರೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಕೇಳಿ ಪಡೆಯಿರಿ. ಈ ಆಪರೇಷನ್ ಯಾವ ಪ್ಯಾಕೇಜಿನಡಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ತಿಳಿದುಕೊಳ್ಳಿ. ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಸರ್ಕಾರದ್ದೇ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮೂಳೆ ವಿಭಾಗವಿದೆ. ಎಲ್ಲೇ ಮಾಡಿಸಿ, ಮಕ್ಕಳ ಮೂಳೆ ಚಿಕಿತ್ಸೆಯಲ್ಲಿ ಅನುಭವವಿರುವ ಸರ್ಜನ್ ಹತ್ತಿರವೇ ಮಾಡಿಸಿ. ಮೊದಲ ಭೇಟಿಗೆ ಹೋಗುವಾಗ ಮುರಿದ ದಿನದ ಎಕ್ಸ್‌ರೇ, ಪ್ಲಾಸ್ಟರ್ ಬಿಚ್ಚಿದ ದಿನದ ಎಕ್ಸ್‌ರೇ, ರೇಷನ್ ಕಾರ್ಡು, ಮಗುವಿನ ಆಧಾರ್ ಮತ್ತು ನೀವು ತೆಗೆದ ಫೋಟೊಗಳು ಕೈಯಲ್ಲಿರಲಿ.